ಟೇಪ್ ರೆಕಾರ್ಡರ್ ಬರುವ ಮೊದಲು ಠಾಣೆಯೊಳಗೆ ಏನಾಗುತ್ತಿತ್ತು?

ಬ್ರಿಟಿಷ್ ಪೊಲೀಸ್ ಸೀರಿಯಲ್ ನೋಡುವವರಿಗೆ ಒಂದು ಸದ್ದು ಚೆನ್ನಾಗಿ ಗೊತ್ತು. ವಿಚಾರಣೆ ಕೋಣೆಯಲ್ಲಿ ರೆಕಾರ್ಡರ್ ಗುಂಡಿ ಒತ್ತುತ್ತಾರೆ, ಉದ್ದಕ್ಕೆ ಒಂದು ಬೀಪ್ ಬರುತ್ತದೆ. 'ಲೈನ್ ಆಫ್ ಡ್ಯೂಟಿ'ಯಲ್ಲಂತೂ ಅದು ನಿಲ್ಲುವ ತನಕ ಯಾರೂ ಬಾಯಿ ಬಿಡುವುದಿಲ್ಲ. ಕ್ಯಾಸೆಟ್‌ನ ಶುರುವಿನ ತುಂಡಿನಲ್ಲಿ ಏನೂ ರೆಕಾರ್ಡ್ ಆಗುವುದಿಲ್ಲ ಅಲ್ವಾ, ಅದು ದಾಟಲಿ ಅಂತ ಆ ಸದ್ದು ಇಟ್ಟಿದ್ದು. ಆದರೆ ಈ ಶಿಸ್ತು ಸುಮ್ನೆ ಬಂದದ್ದಲ್ಲ.

1978ರ ಏಪ್ರಿಲ್‌ನಲ್ಲಿ ಬಿಬಿಸಿ 2ರಲ್ಲಿ 'ಲಾ ಅಂಡ್ ಆರ್ಡರ್' ಎಂಬ ನಾಲ್ಕು ಕಂತಿನ ನಾಟಕ ಬಂತು. (ಅಮೆರಿಕದ್ದಲ್ಲ, ಆ ಹೆಸರಿನ ಅವರ ಸೀರಿಯಲ್ ಶುರುವಾಗಿದ್ದು 1990ರಲ್ಲಿ.) ಬರೆದವರು ಜಿ.ಎಫ್. ನ್ಯೂಮನ್, ನಿರ್ದೇಶಕ ಲೆಸ್ ಬ್ಲೇರ್, ನಿರ್ಮಾಪಕ ಟೋನಿ ಗಾರ್ನೆಟ್. ಒಂದೊಂದು ಕಂತು ಒಬ್ಬೊಬ್ಬನ ಕಡೆಯಿಂದ: ಪತ್ತೇದಾರ, ಕಳ್ಳ, ವಕೀಲ, ಕೈದಿ. ಇನ್‌ಸ್ಪೆಕ್ಟರ್ ಫ್ರೆಡ್ ಪೈಲ್ ಕಿರುಚಾಡುವ ಖಳನಲ್ಲ. ಮನೆ ಬಾಡಿಗೆ ವಸೂಲಿಗೆ ಬಂದವನಷ್ಟು ಆರಾಮಾಗಿ ಲಂಚ ತಗೊಳ್ಳುತ್ತಾನೆ. ಜಾಕ್ ಲಿನ್ ದರೋಡೆಕೋರನೇ, ಸಂಭಾವಿತನೇನಲ್ಲ, ಆದರೆ ಅವನು ಮಾಡದ ದರೋಡೆಗೇ ಅವನನ್ನು ಫಿಟ್ ಮಾಡುತ್ತಾರೆ. ನಮ್ಮಲ್ಲಿ 'ಕೇಸಿಗೆ ಫಿಟ್ ಮಾಡಿದರು' ಅನ್ನುತ್ತೇವಲ್ಲ, ಲಂಡನ್‌ನ ಕಳ್ಳರ ಭಾಷೆಯಲ್ಲೂ ಅದೇ ಮಾತು. ಕೊನೆಯ ಕಂತಿನಲ್ಲಿ ಜೈಲು ಅವನನ್ನು ಹಣ್ಣು ಮಾಡುತ್ತದೆ.

ಗಲಾಟೆ ಪಾರ್ಲಿಮೆಂಟಿನ ತನಕ ಹೋಯಿತು. ಆಶ್ಚರ್ಯವೇನಿಲ್ಲ. 1955ರಿಂದ 1976ರವರೆಗೆ 'ಡಿಕ್ಸನ್ ಆಫ್ ಡಾಕ್ ಗ್ರೀನ್'ನ ಅಜ್ಜನಂಥ ಪೊಲೀಸಪ್ಪನನ್ನು ನೋಡಿಕೊಂಡು ಬಂದ ಜನ ಅದು.

ಆದರೆ ನ್ಯೂಮನ್ ತೋರಿಸಿದ್ದು ಗಾಳಿಯಲ್ಲಿ ಹುಟ್ಟಿದ್ದಲ್ಲ. ಆಗ ಪೊಲೀಸರ ಒಂದು ಕೈಚಳಕಕ್ಕೆ 'ವರ್ಬಲ್' ಅಂತ ಹೆಸರಿತ್ತು. ಆರೋಪಿ ಆಡದ ಮಾತನ್ನು ಆಡಿದ ಅಂತ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುವುದು. ಕೋರ್ಟಿನಲ್ಲಿ ಪೊಲೀಸ್ ಅದನ್ನು ಓದುತ್ತಾನೆ, ಆರೋಪಿ 'ನಾನು ಹಾಗನ್ನಲಿಲ್ಲ' ಅನ್ನುತ್ತಾನೆ. ಜ್ಯೂರಿ ಯಾರನ್ನು ನಂಬಬೇಕು? 1972ರಲ್ಲಿ ಲಂಡನ್‌ನಲ್ಲಿ ನಡೆದ ಕಾನ್‌ಫೈಟ್ ಎಂಬವನ ಕೊಲೆ ಪ್ರಕರಣದಲ್ಲಿ ಮೂವರು ಹುಡುಗರು ತಪ್ಪೊಪ್ಪಿಕೊಂಡಿದ್ದರು. ವಿಚಾರಣೆ ಹೊತ್ತಿನಲ್ಲಿ ಜೊತೆಗೆ ಅಪ್ಪ ಅಮ್ಮನೂ ಇಲ್ಲ, ವಕೀಲನೂ ಇಲ್ಲ. ಒಬ್ಬನಿಗೆ 14, ಇನ್ನೊಬ್ಬನಿಗೆ 15, ಮೂರನೆಯವನಿಗೆ 18 ಆಗಿದ್ದರೂ ಬುದ್ಧಿ ಬೆಳೆದಿದ್ದು 8 ವರ್ಷದವನಷ್ಟು. 1975ರಲ್ಲಿ ಅವರ ಶಿಕ್ಷೆ ರದ್ದಾಯಿತು.

ತಮಾಷೆ ನೋಡಿ. ಇದೇ ಬ್ರಿಟಿಷರು 1872ರಲ್ಲೇ ನಮಗೆ ಕೊಟ್ಟ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ನಡೆಯುತ್ತಿರಲಿಲ್ಲ. (ಆ ಕಾಯ್ದೆ 2024ರಲ್ಲಿ ಹೋಯಿತು, ಆದರೆ ಅದರ ಜಾಗಕ್ಕೆ ಬಂದ ಹೊಸ ಕಾಯ್ದೆಯಲ್ಲೂ ಈ ನಿಯಮ ಇದೆ.) ಇಲ್ಲಿನ ಪೊಲೀಸರನ್ನು ನಂಬಲಿಲ್ಲ, ತಮ್ಮ ಊರಿನವರನ್ನು ಮಾತ್ರ ನಂಬಿದರು.

ನಾಟಕದಿಂದಲೇ ಕಾನೂನು ಬದಲಾಯಿತು ಅಂತ ಕೆಲವರಿಗೆ ಹೇಳೋ ಆಸೆ. ನನಗೆ ಹಾಗನ್ನಿಸುವುದಿಲ್ಲ. ಅಪರಾಧ ವಿಚಾರಣೆ ಬಗ್ಗೆ ರಾಯಲ್ ಕಮಿಷನ್ ಮಾಡುತ್ತೇವೆ ಅಂತ ಸರ್ಕಾರ 1977ರಲ್ಲೇ ಹೇಳಿತ್ತು. ಅದರ ವರದಿ 1981ರಲ್ಲಿ ಬಂತು, ಅದರ ಮೇಲೆ 1984ರಲ್ಲಿ ಪೊಲೀಸ್ ಮತ್ತು ಕ್ರಿಮಿನಲ್ ಸಾಕ್ಷ್ಯ ಕಾಯ್ದೆ ಆಯಿತು, 1986ರಲ್ಲಿ ಜಾರಿಗೆ ಬಂತು. ಠಾಣೆಯಲ್ಲಿ ವಕೀಲನನ್ನು ಕರೆಸಿಕೊಳ್ಳುವ ಹಕ್ಕು, ಕಸ್ಟಡಿಗೆಂದೇ ಬೇರೆ ಅಧಿಕಾರಿ, ಆಮೇಲೆ ಟೇಪು. ಒಂದು ಕ್ಯಾಸೆಟ್‌ಗೆ ಆರೋಪಿಯ ಕಣ್ಣೆದುರೇ ಸೀಲ್ ಹಾಕಬೇಕಿತ್ತು. ಕೇಸು ನಡೆಸುವ ಕೆಲಸವೂ ಅದೇ ವರ್ಷ ಪೊಲೀಸರ ಕೈಯಿಂದ ಕ್ರೌನ್ ಪ್ರಾಸಿಕ್ಯೂಷನ್ ಸರ್ವಿಸ್‌ಗೆ ಹೋಯಿತು.

ಅಷ್ಟರಲ್ಲಿ ಬರ್ಮಿಂಗ್‌ಹ್ಯಾಮ್ ಬಾಂಬ್ ಸ್ಫೋಟದ ಕೇಸಿನಲ್ಲಿ ಆರು ಜನ 1975ರಿಂದ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದರು. ಅವರ ವಿಚಾರಣೆಗೆ ಟೇಪ್ ಇರಲಿಲ್ಲ, ಪೊಲೀಸರ ಬರಹವಷ್ಟೇ ಇತ್ತು. ಪುಸ್ತಕದ ಮೇಲೆ ಒತ್ತಿ ಬರೆದರೆ ಕೆಳಗಿನ ಹಾಳೆಯಲ್ಲಿ ಗುರುತು ಬೀಳುತ್ತದಲ್ಲ, ಅಂಥ ಗುರುತು ಹಿಡಿಯುವ ಎಸ್ಡಾ ಎಂಬ ಪರೀಕ್ಷೆಗೆ ಆ ಹಾಳೆಗಳನ್ನು ಹಾಕಿದರು. ವಿಚಾರಣೆ ನಡೆಯುವಾಗಲೇ ಬರೆದದ್ದು ಅಂತ ಪೊಲೀಸರು ಪ್ರಮಾಣ ಮಾಡಿದ್ದ ಟಿಪ್ಪಣಿ ಹಾಗೆ ಬರೆದದ್ದೇ ಅಲ್ಲ ಅಂತ ಗೊತ್ತಾಯಿತು. 1991ರ ಮಾರ್ಚ್‌ನಲ್ಲಿ ಆರೂ ಜನ ಹೊರಗೆ ಬಂದರು.