ಕೊಲೆಸ್ಟ್ರಾಲ್ ಏರಿದರೆ ಕಿಡ್ನಿಯನ್ನೂ ಒಮ್ಮೆ ಕೇಳಿ

ಮಂಗಳೂರು, ಉಡುಪಿ ಕಡೆ ರಕ್ತದ ಕೊಬ್ಬು ಅಳೆಯುವ ಲಿಪಿಡ್ ಪ್ರೊಫೈಲ್ ಪರೀಕ್ಷೆಯ ರಿಪೋರ್ಟ್ ಕೈಗೆ ಬಂದ ದಿನವೇ ಅಡುಗೆಮನೆ ಮೇಲೆ ಗೂಬೆ ಕೂರುತ್ತದೆ. ತೆಂಗಿನೆಣ್ಣೆ ಬಂದ್. ಸಿಗಡಿ ಸುಕ್ಕ ಬಂದ್. ಕೋರಿ ರೊಟ್ಟಿಯ ಹೆಸರೆತ್ತುವ ಹಾಗಿಲ್ಲ. ತೆಂಗಿನೆಣ್ಣೆಯಲ್ಲಿ ಕೊಲೆಸ್ಟ್ರಾಲ್ ಇಲ್ಲವೇ ಇಲ್ಲ. ಅದರ ಸ್ಯಾಚುರೇಟೆಡ್ ಕೊಬ್ಬು ‘ಕೆಟ್ಟ ಕೊಲೆಸ್ಟ್ರಾಲ್’ ಅನ್ನಿಸಿಕೊಂಡ ಎಲ್‌ಡಿಎಲ್ ಅನ್ನು ಏರಿಸುತ್ತದೆ ಅನ್ನೋದು ನಿಜ, ಹಾಗಾಗಿ ಅದರ ಪರ ನಾನು ವಾದ ಮಾಡಲು ಹೊರಟಿಲ್ಲ. ನನ್ನ ತಕರಾರು ಬೇರೆ. ಮೈಯಲ್ಲಿರುವ ಕೊಲೆಸ್ಟ್ರಾಲ್‌ನ ಹೆಚ್ಚಿನ ಪಾಲು ತಟ್ಟೆಯಿಂದ ಬಂದದ್ದಲ್ಲ, ಮೈಯೇ ಮಾಡಿಕೊಂಡದ್ದು. ಆ ಲೆಕ್ಕವನ್ನು ಕಿಡ್ನಿಯೂ ಏರುಪೇರು ಮಾಡಬಲ್ಲದು. ಅದರ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಸ್ವಲ್ಪ ಹಿಂದೆ ಹೋಗೋಣ. 1827ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್, ಮೈ ಊದಿಕೊಂಡ ರೋಗಿಗಳ ಬಗ್ಗೆ ಬರೆದರು. ಅವರ ಪರೀಕ್ಷೆಗೆ ಬೇಕಾದದ್ದು ಒಂದು ಚಮಚ, ಒಂದು ಮೇಣದ ಬತ್ತಿ. ರೋಗಿಯ ಮೂತ್ರವನ್ನು ಚಮಚದಲ್ಲಿ ಹಾಕಿ ಉರಿಯ ಮೇಲೆ ಹಿಡಿಯುವುದು. ಅಂಚಿನಿಂದ ಮಬ್ಬಾಗುತ್ತಾ ಬಂದು ಬೆಳ್ಳಗೆ ಹೆಪ್ಪುಗಟ್ಟಿದರೆ, ರಕ್ತದಲ್ಲಿ ಇರಬೇಕಾದ ಅಲ್ಬುಮಿನ್ ಎಂಬ ಪ್ರೋಟೀನ್ ಮೂತ್ರಕ್ಕೆ ಸೋರುತ್ತಿದೆ ಅಂತ ಅರ್ಥ. ಇಂಥ ರೋಗಿಗಳ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಹಾಲಿನಷ್ಟು ಬೆಳ್ಳಗಿರುವುದನ್ನೂ ಅದೇ ಶತಮಾನದ ವೈದ್ಯರು ಕಂಡಿದ್ದರು. ಆ ಬಿಳಿ ಕೊಬ್ಬಿನದು. ಮೂತ್ರದಲ್ಲಿ ಪ್ರೋಟೀನ್ ಹೋದರೆ ರಕ್ತದಲ್ಲಿ ಕೊಬ್ಬು ಯಾಕೆ ಏರಬೇಕು? ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಒಗಟು ಇದೇ.

ಮಲ್ಪೆಯಲ್ಲಿ ಮೀನಿನ ಬಲೆ ನೋಡಿದವರಿಗೆ ಅರ್ಧ ಉತ್ತರ ಗೊತ್ತು. ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸಣ್ಣ ಬಲೆಗಳಿವೆ. ದಿನಕ್ಕೆ ಸುಮಾರು 180 ಲೀಟರ್ ದ್ರವ ಇವುಗಳಲ್ಲಿ ಸೋಸಿ ಹೋಗುತ್ತದೆ. ನೀರು, ಉಪ್ಪು, ಯೂರಿಯಾ ದಾಟುತ್ತವೆ, ಅಲ್ಬುಮಿನ್ ಒಳಗೇ ಉಳಿಯುತ್ತದೆ. ಬಲೆಯ ಕಣ್ಣು ಹಿಗ್ಗಿದಾಗ ಮೊದಲು ತಪ್ಪಿಸಿಕೊಳ್ಳುವುದು ಸಣ್ಣ ಮೀನು, ಅಂದರೆ ಅಲ್ಬುಮಿನ್. ಕೊಲೆಸ್ಟ್ರಾಲ್ ಹೊತ್ತು ತಿರುಗುವ ಎಲ್‌ಡಿಎಲ್ ಕಣ ಅದಕ್ಕಿಂತ ಸುಮಾರು ಮೂರು ಪಟ್ಟು ಅಗಲ. ಅದು ರಕ್ತದಲ್ಲೇ ಸಿಕ್ಕಿಬೀಳುತ್ತದೆ.

ಉಳಿದರ್ಧ ಉತ್ತರ ಲಿವರ್‌ನಲ್ಲಿದೆ. ರಕ್ತದಲ್ಲಿ ಅಲ್ಬುಮಿನ್ ಕಡಿಮೆ ಆಯಿತು ಅಂತ ಲಿವರ್ ಅದನ್ನು ಜಾಸ್ತಿ ಮಾಡತೊಡಗುತ್ತದೆ. ಅದರ ಜೊತೆ ಕೊಬ್ಬು ಸಾಗಿಸುವ ಕಣಗಳ ತಯಾರಿಯೂ ಏರುತ್ತದೆ. ತುಂಬಾ ಕಾಲ ವಿವರಣೆ ಇಲ್ಲಿಗೇ ನಿಂತಿತ್ತು. ಆದರೆ ಬರುವುದು ಹೆಚ್ಚಾದದ್ದಷ್ಟೇ ಅಲ್ಲ, ಹೋಗುವುದೂ ಕಡಿಮೆಯಾಗಿರುತ್ತದೆ. ಲಿವರ್ ಕೋಶಗಳ ಮೈಮೇಲೆ ಎಲ್‌ಡಿಎಲ್ ಅನ್ನು ಹಿಡಿದು ಒಳಗೆಳೆದುಕೊಳ್ಳುವ ರಿಸೆಪ್ಟರ್‌ಗಳಿವೆ. ಇವನ್ನು ಗುರುತಿಸಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ಗೆ 1985ರಲ್ಲಿ ನೊಬೆಲ್ ಬಂತು. ಪಿಸಿಎಸ್‌ಕೆ9 ಎಂಬ ಪ್ರೋಟೀನ್ ಈ ರಿಸೆಪ್ಟರ್‌ಗಳನ್ನು ನಾಶಕ್ಕೆ ಕಳಿಸುತ್ತದೆ. ಕಿಡ್ನಿ ಹೀಗೆ ಸೋರುವಾಗ ಪಿಸಿಎಸ್‌ಕೆ9 ಏರುತ್ತದೆ, ರಿಸೆಪ್ಟರ್ ಇಳಿಯುತ್ತದೆ, ಎಲ್‌ಡಿಎಲ್ ರಕ್ತದಲ್ಲೇ ಸುತ್ತುತ್ತಿರುತ್ತದೆ. ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ ಅನ್ನು ಒಡೆಯುವ ಕಿಣ್ವವೂ ಆಗ ಮಂಕಾಗಿರುತ್ತದೆ.

ಇದಕ್ಕೆ ನೆಫ್ರೋಟಿಕ್ ಸಿಂಡ್ರೋಮ್ ಅನ್ನುತ್ತಾರೆ. ದಿನಕ್ಕೆ 3.5 ಗ್ರಾಂಗಿಂತ ಜಾಸ್ತಿ ಪ್ರೋಟೀನ್ ಹೊರಗೆ ಹೋಗುತ್ತದೆ. ಸರಿ ಇರುವವರಲ್ಲಿ ಅದು 0.15 ಗ್ರಾಂ ಕೂಡ ದಾಟುವುದಿಲ್ಲ. ಮಕ್ಕಳಿಗೂ ಬರುತ್ತದೆ. ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊದಿರುತ್ತದೆ, ಮೂತ್ರದಲ್ಲಿ ನೊರೆ ನಿಲ್ಲುತ್ತದೆ. ಆ ಮಗುವಿಗೆ ದೃಷ್ಟಿ ತೆಗೆದು, ನೂಲು ಕಟ್ಟಿಸಿ ವಾರ ಕಳೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹೆಚ್ಚಿನ ಮಕ್ಕಳಲ್ಲಿ ಸ್ಟೀರಾಯ್ಡ್ ಕೊಟ್ಟರೆ ಸೋರಿಕೆ ನಿಲ್ಲುತ್ತದೆ. ಕೊಲೆಸ್ಟ್ರಾಲ್ ಆಮೇಲೆ ತಾನಾಗಿ ಇಳಿಯುತ್ತದೆ, ಮೀನು ಬಿಡಿಸಬೇಕಾಗಿಯೂ ಇಲ್ಲ.

ನಿಧಾನವಾಗಿ ಸೊರಗುವ ಕಿಡ್ನಿಯ ಕಥೆ ಬೇರೆ. ಅಲ್ಲಿ ಎಲ್‌ಡಿಎಲ್ ಸಂಖ್ಯೆ ಸರಿಯಾಗಿಯೇ ಕಾಣಬಹುದು. ಟ್ರೈಗ್ಲಿಸರೈಡ್ ಏರಿರುತ್ತದೆ, ‘ಒಳ್ಳೆಯ ಕೊಲೆಸ್ಟ್ರಾಲ್’ ಅನ್ನುವ ಎಚ್‌ಡಿಎಲ್ ಇಳಿದಿರುತ್ತದೆ, ಹೃದಯಾಘಾತದ ಅಪಾಯವೂ ಹೆಚ್ಚು. ಡಯಾಲಿಸಿಸ್‌ಗೆ ಬಂದ ಮೇಲೆ ಹೊಸದಾಗಿ ಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ಶುರು ಮಾಡಿದರೆ ಅಂಥ ಲಾಭವಿಲ್ಲ ಅಂತ 2005 ಮತ್ತು 2009ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳು ತೋರಿಸಿದವು. ಮೊದಲಿಂದ ತೆಗೆದುಕೊಳ್ಳುತ್ತಿರುವವರು ಸುಮ್ನೆ ತಾವಾಗಿಯೇ ನಿಲ್ಲಿಸಬಾರದು.

ಈಗ ಬಿಂಬುಳಿ ವಿಷಯಕ್ಕೆ ಬರ್ತೇನೆ. ನಮ್ಮ ಹಿತ್ತಲುಗಳಲ್ಲಿ ಕಾಂಡಕ್ಕೇ ಅಂಟಿಕೊಂಡು ಗೊಂಚಲು ಗೊಂಚಲಾಗಿ ಬಿಡುವ ಹಸಿರು ಕಾಯಿ. ಮೀನಿನ ಸಾರಿಗೆ ಹುಳಿಯಾಗಿ ನಾಲ್ಕು ಹಾಕಿದರೆ ಅದರ ರುಚಿಯೇ ರುಚಿ. “ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಗ್ಲಾಸ್ ರಸ ಕುಡೀರಿ, ಕೊಲೆಸ್ಟ್ರಾಲ್ ಮಂಗಮಾಯ!” ಅಂತ ಹೇಳುವವರಿಗೂ ಕೊರತೆಯಿಲ್ಲ. ಈ ಕಾಯಿಯಲ್ಲಿ ಆಕ್ಸಲಿಕ್ ಆಮ್ಲ ವಿಪರೀತ. ಊಟದ ಜೊತೆ ಸ್ವಲ್ಪ ಹೋದರೆ ಅದರ ಒಂದಷ್ಟು ಪಾಲು ಆಹಾರದ ಕ್ಯಾಲ್ಸಿಯಂಗೆ ಅಂಟಿ ಮಲದಲ್ಲಿ ಹೊರಟುಹೋಗುತ್ತದೆ. ಖಾಲಿ ಹೊಟ್ಟೆಗೆ ಗ್ಲಾಸುಗಟ್ಟಲೆ ಸುರಿದರೆ ರಕ್ತಕ್ಕೆ ಸೇರಿ ಕಿಡ್ನಿಗೆ ಬರುತ್ತದೆ. ಅಲ್ಲಿನ ಸಣ್ಣ ನಾಳಗಳಲ್ಲಿ ಕ್ಯಾಲ್ಸಿಯಂ ಜೊತೆ ಕೂಡಿ ಹರಳು ಕಟ್ಟುತ್ತದೆ. ಕಿಡ್ನಿಯ ಚೂರು ತೆಗೆದು ಧ್ರುವೀಕೃತ ಬೆಳಕಿನಲ್ಲಿ ಸೂಕ್ಷ್ಮದರ್ಶಕದಡಿ ನೋಡಿದರೆ ಆ ಹರಳುಗಳು ಪಳಪಳ ಹೊಳೆಯುತ್ತವೆ.

ಪಕ್ಕದ ಕೇರಳದಲ್ಲಿ ಈ ರಸ ಕುಡಿದು ಕಿಡ್ನಿ ಕೈಕೊಟ್ಟ 10 ಜನರ ವರದಿ 2013ರಲ್ಲಿ ಭಾರತದ ಕಿಡ್ನಿ ತಜ್ಞರ ಪತ್ರಿಕೆಯಲ್ಲಿ ಬಂತು. ಅವರಲ್ಲಿ 7 ಜನರಿಗೆ ಡಯಾಲಿಸಿಸ್ ಬೇಕಾಯಿತು.

ಹಾಗಾಗಿ ಬಿಂಬುಳಿ ಸಾರಿನಲ್ಲೇ ಇರಲಿ. ಕೊಲೆಸ್ಟ್ರಾಲ್ ಕಾರಣವಿಲ್ಲದೆ ಜಿಗಿದಿದ್ದರೆ ಥೈರಾಯ್ಡ್ ಜೊತೆ ಮೂತ್ರದ ಅಲ್ಬುಮಿನ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ, ದೊಡ್ಡ ಖರ್ಚಿನದ್ದಲ್ಲ. ಡಾಕ್ಟರು “ಏನು ಔಷಧಿ ತಗೊಳ್ತಾ ಇದ್ದೀರಿ?” ಅಂತ ಕೇಳಿದಾಗ ಮಾತ್ರೆಗಳ ಹೆಸರಷ್ಟೇ ಹೇಳಿ ಸುಮ್ಮನಾಗಬೇಡಿ. ಮನೆಯಲ್ಲಿ ಅರೆದು ಕುಡಿಯುವುದನ್ನೂ ಹೇಳಿ, ಎಷ್ಟು ದಿನದಿಂದ ಅನ್ನೋದನ್ನೂ ಸೇರಿಸಿ.