ಪದ ಪರಿಚಯ: ಪಿಎಸಿ

"ಪಿಎಸಿ ಮಾಡಿಸಿಕೊಂಡು ಬನ್ನಿ, ಆಮೇಲೆ ಡೇಟ್ ಕೊಡ್ತೀವಿ." ಹರ್ನಿಯಾಗೋ ಪಿತ್ತಕೋಶದ ಕಲ್ಲಿಗೋ ಆಪರೇಷನ್ ಅಂತ ಹೋದವರು ಈ ಮಾತು ಕೇಳಿರುತ್ತೀರಿ. ಪ್ರೀ ಅನಸ್ತೇಷಿಯಾ ಚೆಕಪ್ ಅನ್ನೋದರ ಗಿಡ್ಡ ರೂಪ ಅದು. ಅರಿವಳಿಕೆ ಕೊಡುವ ಮೊದಲು ಮಾಡುವ ತಪಾಸಣೆ. ಜನರ ಬಾಯಲ್ಲಿ ಇದೇ 'ಫಿಟ್ನೆಸ್'.

ಬೆಳಿಗ್ಗೆ ಸೇರಿ ಸಂಜೆ ಮನೆಗೆ ಹೋಗುವುದು ಡೇ ಕೇರ್ ಸರ್ಜರಿ. ಅಲ್ಲಿ ಪಿಎಸಿಯ ಅರ್ಥ ಇನ್ನೂ ದೊಡ್ಡದು. ರೋಗಿ ಆಪರೇಷನ್ ತಡೆದುಕೊಳ್ಳುತ್ತಾರಾ ಅನ್ನೋದಷ್ಟೇ ಅಲ್ಲ, ಅವತ್ತು ರಾತ್ರಿ ಮನೆಯಲ್ಲಿ ಕ್ಷೇಮವಾಗಿ ಮಲಗುತ್ತಾರಾ ಅನ್ನೋದನ್ನೂ ನೋಡಬೇಕು. ಅದಕ್ಕೇ ಡಾಕ್ಟರು ಮನೆ ವಿಚಾರ ಕೇಳುತ್ತಾರೆ. 24 ಗಂಟೆ ಜೊತೆಗಿರೋಕೆ ಯಾರಿದ್ದಾರೆ? ಏನಾದರೂ ಆದರೆ ಆಸ್ಪತ್ರೆಗೆ ಬರೋಕೆ ಎಷ್ಟು ಹೊತ್ತು ಬೇಕು? ಇದು ಸುಮ್ನೆ ಕುಶಲೋಪರಿ ಅಲ್ಲ, ತಪಾಸಣೆಯ ಭಾಗವೇ.

ಉಳಿದದ್ದೂ ಹಾಗೇ. ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತಾ ಅನ್ನೋ ಪ್ರಶ್ನೆ ಹೃದಯ, ಶ್ವಾಸಕೋಶದ ಶಕ್ತಿಯ ಅಂದಾಜಿಗೆ. ಬಾಯಿ ಅಗಲವಾಗಿ ತೆಗೆಸಿ, ನಾಲಿಗೆ ಚಾಚಿಸಿ ಗಂಟಲು ನೋಡುತ್ತಾರಲ್ವಾ, ಅದಕ್ಕೆ ಮಲ್ಲಂಪಾಟಿ ಪರೀಕ್ಷೆ ಅಂತ ಹೆಸರು. ಭಾರತದಿಂದ ಅಮೆರಿಕಕ್ಕೆ ಹೋದ ಅರಿವಳಿಕೆ ತಜ್ಞ ಡಾ. ಶೇಷಗಿರಿ ಮಲ್ಲಂಪಾಟಿ 1985ರಲ್ಲಿ ಇದನ್ನು ವಿವರಿಸಿದರು. ಕಿರುನಾಲಿಗೆ ಕಾಣದಷ್ಟು ಜಾಗ ಕಡಿಮೆ ಇದ್ದರೆ ಉಸಿರಿನ ನಳಿಕೆ ಹಾಕೋದು ಕಷ್ಟವಾಗಬಹುದು. ಅಲುಗಾಡುವ ಹಲ್ಲಿದ್ದರೂ ಆಗಲೇ ಹೇಳಿಬಿಡಿ.

ತಗೊಳ್ಳುವ ಮಾತ್ರೆಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಹೋಗಿ, ನಾಟಿ ಔಷಧಿಯೂ ಸೇರಿ. ರಕ್ತ ತೆಳುವಾಗಿಸುವ ಮಾತ್ರೆ, ಶುಗರ್ ಮಾತ್ರೆಗಳನ್ನು ಯಾವಾಗ ನಿಲ್ಲಿಸಬೇಕು ಅಂತ ಅವರೇ ಹೇಳುತ್ತಾರೆ. ನೀವಾಗಿ ನಿಲ್ಲಿಸಬೇಡಿ.

ನನಗೆ ಜಾಸ್ತಿ ಭಯ ಹುಟ್ಟಿಸೋದು ಆಪರೇಷನ್ ದಿನದ ಬೆಳಗಿನ ಕಾಫಿ. ಸಾಮಾನ್ಯವಾಗಿ ಬರೀ ನೀರಾದರೆ ಅರಿವಳಿಕೆ ಕೊಡೋಕೆ 2 ಗಂಟೆ ಮುಂಚಿನವರೆಗೆ ಕುಡಿಯಬಹುದು. ಹಾಲು ಹಾಕಿದ ಕಾಫಿ ಮಾತ್ರ ಊಟದ ಲೆಕ್ಕ, 6 ಗಂಟೆ ಬಿಡುವು ಬೇಕು. ಅರಿವಳಿಕೆಯಲ್ಲಿದ್ದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು. ಆಪರೇಷನ್ ಮುಂದೆ ಹೋಗುತ್ತೆ ಅಂತ ಹೆದರಿ ಎಷ್ಟೋ ಜನ ಕುಡಿದದ್ದನ್ನು ಮುಚ್ಚಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅರ್ಧ ಲೋಟ ಕುಡಿದಿದ್ದರೂ ಹೇಳಿ.