ಲಾಬ್‌ಸ್ಟರ್ ಬಾಲ ರಬ್ಬರಿನಂತಾಗುವುದೇಕೆ?

ಪ್ರಶ್ನೆ: ಮದುವೆಯ ವಾರ್ಷಿಕೋತ್ಸವದ ಊಟಕ್ಕೆಂದು ಫ್ರೋಜನ್ ಲಾಬ್‌ಸ್ಟರ್ ಬಾಲ ತಂದು ಓವನ್ನಿನಲ್ಲಿ ಬೇಯಿಸಿದೆ. ಮಾಂಸ ರಬ್ಬರಿನಂತಾಯಿತು, ಚಿಪ್ಪಿಗೂ ಅಂಟಿಕೊಂಡಿತು. ಎಷ್ಟು ನಿಮಿಷ ಬೇಯಿಸಬೇಕಿತ್ತು? (ನ್ಯೂಜೆರ್ಸಿಯಿಂದ ಓದುಗರೊಬ್ಬರು)

ನಿಮಿಷದ ಲೆಕ್ಕಕ್ಕೆ ಬರುವ ಮುಂಚೆ ಒಂದು ಮಾತು: ಬಾಲ ಪೂರ್ತಿ ಕರಗಿತ್ತೇ? ಒಳಗೆ ಮಂಜುಗಡ್ಡೆ ಉಳಿದಿದ್ದರೆ ನಡುಭಾಗ ಬೇಯುವಷ್ಟರಲ್ಲಿ ಹೊರಗಿನದು ಬಿಗಿದುಹೋಗಿರುತ್ತದೆ. ನಾನೂ ಮೊದಲ ಸಲ ಅವಸರ ಮಾಡಿ ಹೀಗೇ ಕೆಡಿಸಿದ್ದೆ. ಮೇಲೆ ಚರ್ಮದಂತೆ ಗಟ್ಟಿ, ಕತ್ತರಿಸಿದರೆ ಮಧ್ಯದಲ್ಲಿ ಹಸಿ. ಹಿಂದಿನ ರಾತ್ರಿಯೇ ಫ್ರೀಜರಿನಿಂದ ಫ್ರಿಜ್ಜಿಗೆ ಇಳಿಸಿಬಿಡಿ. ಮರೆತಿರಾ? ಗಾಳಿಯಾಡದ ಚೀಲದಲ್ಲಿ ಹಾಕಿ ಅರ್ಧ ಮುಕ್ಕಾಲು ಗಂಟೆ ತಣ್ಣೀರಿನಲ್ಲಿ ಮುಳುಗಿಸಿ. ಬಿಸಿನೀರು ಬೇಡವೇ ಬೇಡ.

ಬಾಲ ಅನ್ನುತ್ತೇವೆ, ನಿಜಕ್ಕೆ ಅದು ಪ್ರಾಣಿಯ ಹೊಟ್ಟೆಯ ಭಾಗ. ಅಪಾಯ ಕಂಡಾಗ ಲಾಬ್‌ಸ್ಟರ್ ಅದನ್ನು ಪಟ್ಟನೆ ಮಡಚಿ ಹಿಂದಕ್ಕೆ ಚಿಮ್ಮುತ್ತದೆ. ಹಾಗಾಗಿ ಅಲ್ಲಿರುವುದು ಬಹುಪಾಲು ಸ್ನಾಯು, ಕೊಬ್ಬು ತೀರಾ ಕಡಿಮೆ. ಕುರಿಮಾಂಸದ ಹಾಗೆ ಬೇಯಿಸಿದಷ್ಟೂ ಮೆತ್ತಗಾಗುವ ಜಾತಿ ಇದಲ್ಲ. ಒಳಗಿನ ಶಾಖ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುವಾಗ ರಸ ತುಂಬಿ ಮೃದುವಾಗಿರುತ್ತದೆ. 70 ದಾಟಿತೋ, ನಾರು ಬಿಗಿದು ಆ ರಸವನ್ನೆಲ್ಲ ಹಿಂಡಿಬಿಡುತ್ತದೆ. ಅಮೆರಿಕದ ಆಹಾರ ಸುರಕ್ಷತಾ ಸಲಹೆ 145 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 63 ಸೆಲ್ಸಿಯಸ್. ಥರ್ಮಾಮೀಟರ್ 140 ಫ್ಯಾರನ್‌ಹೀಟ್ ತೋರಿಸಿದಾಗ ಹೊರತೆಗೆಯಿರಿ, ಉಳಿದದ್ದನ್ನು ಒಳಗಿನ ಬಿಸಿಯೇ ಮುಗಿಸುತ್ತದೆ.

ಅಂಟುವುದಕ್ಕೆ ಮದ್ದು ಕತ್ತರಿ. ಬೆನ್ನಿನ ಚಿಪ್ಪನ್ನು ಉದ್ದಕ್ಕೆ ಕತ್ತರಿಸುತ್ತ ಹೋಗಿ, ಬೀಸಣಿಗೆಯಂಥ ತುದಿ ಬಂದಾಗ ನಿಲ್ಲಿಸಿ. ಚಿಪ್ಪನ್ನು ಎರಡೂ ಬದಿಗೆ ಅಗಲಿಸಿ, ಮಾಂಸದ ಅಡಿಗೆ ಬೆರಳು ತೂರಿಸಿ ಮೆಲ್ಲಗೆ ಬಿಡಿಸುತ್ತ ಬನ್ನಿ. ತುದಿಯಲ್ಲಿ ಮಾತ್ರ ಅಂಟಿರಲಿ. ಹಾಗೇ ಮೇಲೆತ್ತಿ ಚಿಪ್ಪಿನ ಮೇಲೆ ಕೂರಿಸಿ. ಕಪ್ಪು ದಾರ ಕಂಡರೆ ಸಿಗಡಿಯಲ್ಲಿ ಎಳೆಯುವಂತೆ ಎಳೆದುಬಿಡಿ. ಚಿಪ್ಪಿನ ಅಂಚು ಬೆರಳು ಸೀಳುವಷ್ಟು ಹರಿತ, ದಪ್ಪ ಬಟ್ಟೆ ಹಿಡಿದುಕೊಳ್ಳಿ.

ಈಗ ನಿಮಿಷ. ಬೆಣ್ಣೆ, ಬೆಳ್ಳುಳ್ಳಿ, ಉಪ್ಪು ಸವರಿ ಬ್ರಾಯ್ಲರಿನ (ಓವನ್ನಿನಲ್ಲಿ ಮೇಲಿನಿಂದ ನೇರ ಶಾಖ ಕೊಡುವ ಭಾಗ) ಕೆಳಗೆ ಒಂದು ಗೇಣು ದೂರದಲ್ಲಿಟ್ಟರೆ 150 ಗ್ರಾಂ ಬಾಲಕ್ಕೆ 6ರಿಂದ 8 ನಿಮಿಷ. 5ನೇ ನಿಮಿಷಕ್ಕೇ ತೆರೆದು ನೋಡಿ. ಚಿಪ್ಪು ಕೆಂಪಾಯಿತೆಂದು ಬೆಂದಿತು ಅಂದುಕೊಳ್ಳಬೇಡಿ. ಆ ಕೆಂಪು ಬಣ್ಣ ಮೊದಲೇ ಇರುತ್ತದೆ, ಒಂದು ಪ್ರೋಟೀನು ಅದನ್ನು ಹಿಡಿದಿಟ್ಟಿರುತ್ತದೆ; ಶಾಖಕ್ಕೆ ಆ ಹಿಡಿತ ಸಡಿಲವಾದಾಗ ಕಾಣಿಸಿಕೊಳ್ಳುತ್ತದೆ. ನೋಡಬೇಕಾದ್ದು ಮಾಂಸವನ್ನು: ಗಾಜಿನಂತೆ ಅರೆಪಾರದರ್ಶಕವಾಗಿದ್ದದ್ದು ಮುತ್ತಿನ ಬಿಳುಪಿಗೆ ತಿರುಗಿರಬೇಕು.

ನನ್ನನ್ನು ಕೇಳಿದರೆ, ಮೊದಲ ಸಲಕ್ಕೆ ಇಡ್ಲಿ ಪಾತ್ರೆಯೇ ಒಳ್ಳೆಯದು. ಹಬೆಯಲ್ಲಿ ಮಾಂಸದ ಮೇಲ್ಮೈ ಒಣಗುವುದಿಲ್ಲ. ಬಾಲದುದ್ದಕ್ಕೆ ಒಂದು ಬಿದಿರು ಕಡ್ಡಿ ಚುಚ್ಚಿದರೆ ಸುರುಳಿಯಾಗುವುದಿಲ್ಲ. ನೀರು ಕುದಿ ಬಂದ ಮೇಲೆ ಇಟ್ಟರೆ ಅದೇ ತೂಕಕ್ಕೆ 6ರಿಂದ 8 ನಿಮಿಷ ಸಾಕು. ಅಮೆರಿಕದಲ್ಲಿ ಇದಕ್ಕೆ ಕರಗಿಸಿದ ಬೆಣ್ಣೆ ಕೊಡುತ್ತಾರೆ. ಮನೆಯಲ್ಲಿ ಕಾಯಿಸಿದ ತುಪ್ಪಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡಿ ಅದ್ದಿಕೊಂಡು ತಿನ್ನಿ, ನನಗಂತೂ ಅದೇ ಹೆಚ್ಚು ರುಚಿ. ಚಿಪ್ಪು ಎಸೆಯಬೇಡಿ. ಈರುಳ್ಳಿ, ಮೆಣಸಿನ ಜೊತೆ ಅರ್ಧ ಗಂಟೆ ಕುದಿಸಿ ಸೋಸಿಟ್ಟರೆ ಮರುದಿನದ ಸಾರಿಗೆ ಆಗುತ್ತದೆ.